ಒಡೆಯರಿಲ್ಲದ ಬೆಟ್ಟ: ಲಾ ವೆರ್ನ ಮಠದ ಎಂಟು ಶತಮಾನ

1213ನೇ ಇಸವಿಯ ಮೇ 8. ಇಟಲಿಯ ಮೊಂತೆಫೆಲ್ತ್ರೋ ಸೀಮೆಯ ಸಾನ್ ಲಿಯೋ ಕೋಟೆಯಲ್ಲಿ ಹಬ್ಬದ ಗದ್ದಲ. ಯುವಕನೊಬ್ಬನಿಗೆ ವೀರಪಟ್ಟ ಕಟ್ಟುವ ಸಮಾರಂಭವೆಂದು ಸುತ್ತಲಿನ ಪಾಳೆಯಗಾರರೆಲ್ಲ ನೆರೆದಿದ್ದರು. ಅದೇ ದಾರಿಯಲ್ಲಿ ಹೊರಟಿದ್ದ ಅಸ್ಸಿಸಿಯ ಫ್ರಾನ್ಸಿಸರು ಒಳಕ್ಕೆ ಬಂದು, ಅಂಗಳದ ಗೋಡೆಯ ಮೇಲೆ ನಿಂತು ನಾಲ್ಕು ಮಾತು ಬೋಧಿಸಿದರು. ಕೇಳುತ್ತಿದ್ದವರಲ್ಲಿ ಕಿಯೂಸಿಯ ಕೌಂಟ್ ಓರ್ಲಾಂಡೋ ಒಬ್ಬ. ಮಾತು ಮುಗಿದ ಮೇಲೆ ಫ್ರಾನ್ಸಿಸರನ್ನು ಪಕ್ಕಕ್ಕೆ ಕರೆದು ಆತ್ಮದ ವಿಚಾರ ಮಾತಾಡಿದ. ಕೊನೆಗೆ, ಟಸ್ಕನಿಯಲ್ಲಿ ತನ್ನದೊಂದು ಬೆಟ್ಟವಿದೆ, ಹೆಸರು ಲಾ ವೆರ್ನ, ಜನಸಂಚಾರವಿಲ್ಲ, ಏಕಾಂತದಲ್ಲಿ ಪ್ರಾರ್ಥನೆ ಮಾಡುವವರಿಗೆ ಹೇಳಿ ಮಾಡಿಸಿದ ಜಾಗ, ಬೇಕಿದ್ದರೆ ಕೊಡುತ್ತೇನೆ ಎಂದ.

ಈ ದಾನದಲ್ಲಿ ಒಂದು ತೊಡಕಿತ್ತು. ಪಡೆಯುವವರು ನೆಲ, ಮನೆ, ಹಣ ಯಾವುದೂ ತಮ್ಮದಲ್ಲ ಎಂದು ಪಣ ತೊಟ್ಟವರು. ಸ್ವಂತಕ್ಕೊಂದು ಗುಡಿಸಲೂ ಬೇಡವೆಂದವರ ಕೈಗೆ ಇಡೀ ಬೆಟ್ಟವನ್ನಿಟ್ಟರೆ ಅವರು ಅದನ್ನು ಹಿಡಿಯುವುದು ಹೇಗೆ? ಫ್ರಾನ್ಸಿಸರ ಮರಣದ 800ನೇ ವರ್ಷದ ನೆನಪಿಗೆ ಹೊರಡುತ್ತಿರುವ ಈ ಸಂಚಿಕೆಗೆ ಲಾ ವೆರ್ನದ ಚರಿತ್ರೆ ಬರೆಯಲು ಕೂತಾಗ ನನ್ನನ್ನು ಬಿಡದೆ ಕಾಡಿದ್ದು ಈ ಪ್ರಶ್ನೆಯೇ. ಅಲ್ಲಿಯ ಗುಡಿ, ಗೋಪುರ, ಪವಾಡಗಳ ಬಗ್ಗೆ ಬರೆದವರು ಬೇಕಾದಷ್ಟಿದ್ದಾರೆ. ಬೆಟ್ಟ ಯಾರದು ಎಂಬ ಲೆಕ್ಕವನ್ನು ಹಿಡಿದು ಹೋದರೆ ಆ ಮಠದ ಕಥೆ ಬೇರೆಯೇ ಕಾಣುತ್ತದೆ.

ಕೌಂಟ್ ಕೊಟ್ಟದ್ದು ಬಾಯಿಮಾತಿನ ದಾನ. ನಮ್ಮ ಕಡೆಯಾಗಿದ್ದರೆ ಆ ವರ್ಷವೇ ಕಲ್ಲು ನೆಟ್ಟು, ಮೇಲೆ ಸೂರ್ಯಚಂದ್ರರನ್ನು ಕೆತ್ತಿಸಿ, ಎಲ್ಲೆಗಳನ್ನು ಹೆಸರಿಸಿ, ಅಳುಪಿದವರಿಗೆ ಶಾಪವನ್ನೂ ಹಾಕಿಸುತ್ತಿದ್ದರು. ಅಲ್ಲಿ ಪತ್ರವೇ ಆಗಲಿಲ್ಲ. ಓರ್ಲಾಂಡೋ ತೀರಿಕೊಂಡು, ಫ್ರಾನ್ಸಿಸರೂ ತೀರಿಕೊಂಡು, ದಾನವಾಗಿ 61 ವರ್ಷ ಕಳೆದ ಮೇಲೆ 1274ರಲ್ಲಿ ಅವನ ಮಕ್ಕಳು, ನಮ್ಮ ತಂದೆ ಬರಹವಿಲ್ಲದೆ ಕೊಟ್ಟದ್ದನ್ನು ನಾವು ಒಪ್ಪಿದ್ದೇವೆ ಎಂದು ಬರೆಸಿಕೊಟ್ಟರು. ದಾನದ ದಿನಾಂಕ ನಮಗೆ ಗೊತ್ತಾಗಿರುವುದು ಆ ಪತ್ರದಿಂದ.

ಮೊದಲು ಜಾಗ ನೋಡಿಕೊಂಡು ಬರಲು ಫ್ರಾನ್ಸಿಸರು ತಾವು ಕಟ್ಟಿದ ಸನ್ಯಾಸಿ ಸಭೆಯ ಇಬ್ಬರು ಸಹೋದರರನ್ನು ಕಳಿಸಿದರಂತೆ. ಕಾಡುಮೃಗಗಳ ಭಯವಿದ್ದುದರಿಂದ ಕೌಂಟ್ ಐವತ್ತು ಮಂದಿ ಆಯುಧಪಾಣಿಗಳನ್ನು ಜೊತೆ ಮಾಡಿಕೊಟ್ಟ. ಮೇಲೊಂದು ಸಣ್ಣ ಮಟ್ಟಸ ಜಾಗ ಸಿಕ್ಕಿತು. ಆ ಯೋಧರೇ ಕತ್ತಿಯಿಂದ ಕೊಂಬೆ ಕಡಿದು ಸಹೋದರರಿಗೆ ಹಂದರದಂಥ ಗೂಡುಗಳನ್ನು ಕಟ್ಟಿಕೊಟ್ಟರು ಎಂದು 'ಫಿಯೊರೆತ್ತಿ' ಕಥೆಗಳು ಹೇಳುತ್ತವೆ. ಮಠದ ಮೊದಲ ಕಟ್ಟಡ ಅದು.

ಬೆಟ್ಟ ಇರುವುದು ಆರೆತ್ಸೋ ಜಿಲ್ಲೆಯ ಕಸೆಂತೀನೋ ಸೀಮೆಯಲ್ಲಿ. ಒಂದು ಮಗ್ಗುಲಿಗೆ ಆರ್ನೋ ನದಿಯ ಮೇಲ್ಕಣಿವೆ, ಇನ್ನೊಂದು ಮಗ್ಗುಲಿಗೆ ಟೈಬರ್ ಕಣಿವೆ. ಎರಡು ನದಿಗಳ ನಡುವಿನ ಈ ಒರಟು ಬಂಡೆಯ ಪ್ರಸ್ತಾಪ ದಾಂತೆಯ ಮಹಾಕಾವ್ಯದಲ್ಲೂ ಬರುತ್ತದೆ. ಪೆನ್ನಾ ಎಂಬ ಶಿಖರದ ಎತ್ತರ 1283 ಮೀಟರ್. ಮಠ ಅದರ ಕೆಳಗೆ 1128 ಮೀಟರಿನಲ್ಲಿದೆ. ದೂರದಿಂದ ನೋಡಿದರೆ ಬೆಟ್ಟದ ತಲೆಯನ್ನು ಒಂದು ಕಡೆ ಕಡಿದು ನಿಲ್ಲಿಸಿದಂತೆ ಕಾಣುತ್ತದೆ. ಹತ್ತಿರ ಹೋದರೆ ಬಂಡೆಗಳು ಸೀಳಿ, ಒಂದರ ಮೇಲೊಂದು ವಾಲಿಕೊಂಡು ನಿಂತಿವೆ. ಕ್ರಿಸ್ತ ಶಿಲುಬೆಯ ಮೇಲೆ ಪ್ರಾಣ ಬಿಟ್ಟಾಗ ಭೂಮಿ ನಡುಗಿತಲ್ಲ, ಆಗ ಬಿರಿದ ಬಂಡೆಗಳಿವು ಎಂಬುದು ಅಲ್ಲಿನವರ ನಂಬಿಕೆ.

ಕೆಳಗಿನ ಕಿಯೂಸಿ ಊರಿನಲ್ಲಿ ಓರ್ಲಾಂಡೋನ ಕೋಟೆಯ ಮುರುಕು ಗೋಡೆಗಳು ಈಗಲೂ ಇವೆ. ಕೊಟ್ಟವನ ಮನೆ ಪಾಳುಬಿದ್ದಿದೆ, ಕೊಟ್ಟದ್ದು ಉಳಿದಿದೆ. ಮುಂದೆ ಇದೇ ಕಿಯೂಸಿ ಮತ್ತು ಪಕ್ಕದ ಕಪ್ರೇಸೆಗೆ ಫ್ಲಾರೆನ್ಸಿನ ಪರವಾಗಿ ಆಡಳಿತಗಾರನಾಗಿ ಬಂದವನ ಮನೆಯಲ್ಲಿ 1475ರಲ್ಲಿ ಒಂದು ಗಂಡುಮಗು ಹುಟ್ಟಿತು. ಅದು ಮೈಕೆಲೇಂಜೆಲೊ. ಮಠದ ಚರಿತ್ರೆಗೆ ಇದು ಸಂಬಂಧಿಸಿದ್ದಲ್ಲ, ಆದರೆ ಹೇಳದೆ ಬಿಡಲು ಮನಸ್ಸಾಗಲಿಲ್ಲ.

ಫ್ರಾನ್ಸಿಸರು ಲಾ ವೆರ್ನಕ್ಕೆ ಹಲವು ಸಲ ಬಂದರು. ಉಪವಾಸಕ್ಕೆ, ಮೌನಕ್ಕೆ ಬರುತ್ತಿದ್ದರು. ಅವರ ಒಡನಾಡಿಗಳು ಬರೆದಿಟ್ಟ ನೆನಪುಗಳಲ್ಲಿ ಒಂದು ಪ್ರಸಂಗವಿದೆ. ಬೆಟ್ಟದ ಮೇಲೆ ಅವರು ಊಟ ಮಾಡುತ್ತಿದ್ದ ಗುಡಿಸಿಲಿಗೆ ಒಂದು ದಿನ ಬೆಂಕಿ ಬಿತ್ತು. ಜೊತೆಗಿದ್ದವರು ಆರಿಸಲು ಓಡಾಡುತ್ತಿದ್ದರೆ ಫ್ರಾನ್ಸಿಸರು ಕೈಹಾಕಲಿಲ್ಲ. ರಾತ್ರಿ ಹೊದೆಯುತ್ತಿದ್ದ ಒಂದು ತೊಗಲನ್ನು ಮಾತ್ರ ಎತ್ತಿಕೊಂಡು ಕಾಡಿನ ಕಡೆ ನಡೆದರು. ಬೆಂಕಿ ಆರಿದ ಮೇಲೆ ತಿರುಗಿ ಬಂದು, ಇನ್ನು ಈ ತೊಗಲು ನನಗೆ ಬೇಡ, ಅಗ್ನಿ ಸೋದರನ ಪಾಲಿಗೆ ಬಿಡದೆ ಆಸೆಯಿಂದ ಎತ್ತಿಕೊಂಡೆನಲ್ಲ ಎಂದು ಪೇಚಾಡಿದರು. ಲಾ ವೆರ್ನದ ಬಗ್ಗೆ ಇರುವ ಕಥೆಗಳಲ್ಲೆಲ್ಲ ನನಗೆ ಅತಿ ಹತ್ತಿರದ್ದು ಇದು. ಬೆಟ್ಟವನ್ನು ಪಡೆದವರಿಗೆ ಒಂದು ತೊಗಲನ್ನು ಹಿಡಿದುಕೊಂಡದ್ದೇ ಭಾರವಾಗಿತ್ತು.

1224ರ ಬೇಸಿಗೆಯಲ್ಲಿ ಅವರು ಕೊನೆಯ ಬಾರಿ ಬೆಟ್ಟ ಹತ್ತಿದರು. ವಯಸ್ಸು ನಲವತ್ತೆರಡರ ಆಸುಪಾಸು, ದೇಹ ಮಾತ್ರ ಮುಪ್ಪಿನದು. ಕಣ್ಣಿನ ಬೇನೆ ಬೇರೆ. ಮಾತೆ ಮರಿಯಮ್ಮನವರ ಸ್ವರ್ಗಸ್ವೀಕಾರದ ಹಬ್ಬದಿಂದ ಸಂತ ಮಿಕಾಯೇಲರ ಹಬ್ಬದವರೆಗೆ, ಅಂದರೆ ಆಗಸ್ಟ್ 15ರಿಂದ ಸೆಪ್ಟೆಂಬರ್ 29ರವರೆಗೆ, ಉಪವಾಸವಿರುವುದು ಅವರ ವ್ರತ. ಉಳಿದವರಿಂದ ದೂರ, ಬಂಡೆಯ ಬಿರುಕಿನಾಚೆಯ ಒಂದು ಮೂಲೆಯನ್ನು ಆರಿಸಿಕೊಂಡರು. ಸಹೋದರ ಲಿಯೋ ಮಾತ್ರ ಆಗಾಗ ರೊಟ್ಟಿ ನೀರು ತಂದಿಡುತ್ತಿದ್ದರು. ಪಕ್ಕದಲ್ಲಿ ಗೂಡು ಕಟ್ಟಿದ್ದ ಒಂದು ಡೇಗೆ ನಡುರಾತ್ರಿಯ ಪ್ರಾರ್ಥನೆಯ ಹೊತ್ತಿಗೆ ಕೂಗಿ ಎಬ್ಬಿಸುತ್ತಿತ್ತಂತೆ. ಅವರಿಗೆ ತೀರಾ ಆಯಾಸವಾಗಿದ್ದ ದಿನ ತಡವಾಗಿ ಕೂಗುತ್ತಿತ್ತಂತೆ.

ಪವಿತ್ರ ಶಿಲುಬೆಯ ವಿಜಯೋತ್ಸವದ ಸುಮಾರಿಗೆ, ಸೆಪ್ಟೆಂಬರ್ ಮಧ್ಯಭಾಗದ ಒಂದು ಬೆಳಗಿನ ಜಾವ, ಆರು ರೆಕ್ಕೆಗಳ ದೇವದೂತನೊಬ್ಬ ಶಿಲುಬೆಗೇರಿದ ರೂಪದಲ್ಲಿ ಅವರಿಗೆ ಕಾಣಿಸಿಕೊಂಡ. ದರ್ಶನ ಮರೆಯಾದಾಗ ಫ್ರಾನ್ಸಿಸರ ಅಂಗೈ, ಪಾದ, ಪಕ್ಕೆಗಳಲ್ಲಿ ಕ್ರಿಸ್ತನ ಪಂಚಗಾಯಗಳು ಮೂಡಿದ್ದವು. ಅವರು ಅದನ್ನು ಸಾಯುವವರೆಗೂ ಮುಚ್ಚಿಟ್ಟರು. 1226ರ ಅಕ್ಟೋಬರ್ 3ರಂದು ಅವರು ತೀರಿಕೊಂಡಾಗ ಸಭೆಯನ್ನು ನಡೆಸುತ್ತಿದ್ದ ಸಹೋದರ ಎಲಿಯಾಸರು ಬರೆದ ಪತ್ರದಿಂದ ಲೋಕಕ್ಕೆ ತಿಳಿಯಿತು. ನಂಬುವವರು ನಂಬಲಿ, ಅನುಮಾನಿಸುವವರು ಅನುಮಾನಿಸಲಿ; ಒಂದು ಸಾಕ್ಷಿಯನ್ನಂತೂ ತಳ್ಳಿಹಾಕುವಂತಿಲ್ಲ. ಆ ದಿನಗಳಲ್ಲಿ ಮನಸ್ಸು ಕುಗ್ಗಿದ್ದ ಲಿಯೋಗೆಂದು ಫ್ರಾನ್ಸಿಸರು ಅಂಗೈಯಗಲದ ಚರ್ಮದ ಹಾಳೆಯ ಒಂದು ಬದಿಗೆ ದೇವರ ಸ್ತುತಿಯನ್ನೂ ಇನ್ನೊಂದು ಬದಿಗೆ ಆಶೀರ್ವಾದವನ್ನೂ ಸ್ವಂತ ಕೈಯಲ್ಲಿ ಬರೆದುಕೊಟ್ಟರು. ಇದನ್ನು ಬರೆದದ್ದು ಯಾವಾಗ, ಎಲ್ಲಿ, ಯಾವ ಘಟನೆಯಾದ ಮೇಲೆ ಎಂದು ಲಿಯೋ ಅದೇ ಹಾಳೆಯ ಮೇಲೆ ಕೆಂಪು ಶಾಯಿಯಲ್ಲಿ ಷರಾ ಹಾಕಿದ್ದಾರೆ. ಮಡಿಚಿ ಅಂಗಿಯೊಳಗೆ ಇಟ್ಟುಕೊಂಡೇ ಬದುಕು ಕಳೆದರು. ಆ ಹಾಳೆ ಇವತ್ತು ಅಸ್ಸಿಸಿಯಲ್ಲಿದೆ. ಮಡಿಕೆಯ ಗೆರೆಗಳೂ ಹಾಗೇ ಇವೆ.

ಫ್ರಾನ್ಸಿಸರು ಸೆಪ್ಟೆಂಬರ್ ಕೊನೆಗೆ ಬೆಟ್ಟ ಇಳಿದರು. ಮತ್ತೆ ಹತ್ತಲಿಲ್ಲ.

ಅಲ್ಲಿಂದಾಚೆಗೆ ಲಾ ವೆರ್ನ ಗುಡಿಸಲಾಗಿ ಉಳಿಯುವುದು ಸಾಧ್ಯವಿರಲಿಲ್ಲ. ದೂತರ ಮಾತೆ ಮರಿಯಮ್ಮನವರ ಪುಟ್ಟ ದೇವಾಲಯ ಫ್ರಾನ್ಸಿಸರ ಕಾಲದಲ್ಲೇ ಎದ್ದಿತ್ತು. 1259ರಲ್ಲಿ ಸಭೆಯ ಮುಖ್ಯಸ್ಥರಾಗಿದ್ದ ಸಂತ ಬೊನವೆಂತೂರರು ಶಾಂತಿ ಹುಡುಕಿಕೊಂಡು ಇಲ್ಲಿಗೆ ಬಂದರು. ಆ ದೇವದೂತನ ಆರು ರೆಕ್ಕೆಗಳನ್ನೇ ಆರು ಮೆಟ್ಟಿಲು ಮಾಡಿಕೊಂಡು, ಮನಸ್ಸು ದೇವರ ಕಡೆಗೆ ಏರುವ ದಾರಿಯನ್ನು ಕುರಿತ ತಮ್ಮ ಹೆಸರಾಂತ ಲ್ಯಾಟಿನ್ ಗ್ರಂಥವನ್ನು ಇಲ್ಲಿಯ ಧ್ಯಾನದಿಂದಲೇ ಹೊಳೆಯಿಸಿಕೊಂಡರು. 1263ರಲ್ಲಿ ಪಂಚಗಾಯ ಪ್ರಾರ್ಥನಾಲಯ ಎದ್ದಿತು. ಅದಕ್ಕೂ ಹಣ ಕೊಟ್ಟವನು ಕಸೆಂತೀನೋದ ಒಬ್ಬ ಕೌಂಟ್, ಬತ್ತಿಫೊಲ್ಲೆಯ ಸಿಮೋನೆ.

ಈ ಹೊತ್ತಿಗೆ ಆಸ್ತಿಯ ಪ್ರಶ್ನೆ ಇಡೀ ಸಭೆಯ ಗಂಟಲಲ್ಲಿ ಸಿಕ್ಕಿಕೊಂಡಿತ್ತು. ಪೋಪ್ ನಾಲ್ಕನೇ ಇನ್ನೊಸೆಂಟ್ 1245ರಲ್ಲಿ ಒಂದು ಉಪಾಯ ಕಂಡುಹಿಡಿದರು: ಫ್ರಾನ್ಸಿಸ್ಕನ್ನರು ಬಳಸುವ ಸೊತ್ತಿನ ಒಡೆತನ ಪೋಪರದು, ಬಳಕೆ ಮಾತ್ರ ಸಹೋದರರದು. 1279ರಲ್ಲಿ ಮೂರನೇ ನಿಕೋಲಾಸ್ ಅದನ್ನೇ ಗಟ್ಟಿ ಮಾಡಿದರು. 1322ರಲ್ಲಿ ಇಪ್ಪತ್ತೆರಡನೇ ಜಾನ್ ಈ ಏರ್ಪಾಟನ್ನು ಮುರಿದರು. ತಿನ್ನುವ ರೊಟ್ಟಿಯೂ ನನ್ನದಲ್ಲ ಎನ್ನುವುದು ಬರಿಯ ಮಾತಿನ ಆಟ ಎಂಬುದು ಅವರ ವಾದ. ವಕೀಲಿಯಲ್ಲಿ ಪಳಗಿದ ಆ ಪೋಪರ ತರ್ಕದಲ್ಲಿ ಹುರುಳಿದೆ, ಒಪ್ಪುತ್ತೇನೆ. ಆದರೆ ತೊಗಲಿಗಾಗಿ ಪೇಚಾಡಿದವರ ಮಕ್ಕಳಿಗೆ ಆ ತರ್ಕ ಹಿಡಿಸದೆ ಹೋದದ್ದರಲ್ಲಿ ಆಶ್ಚರ್ಯವೇನೂ ಇಲ್ಲ.

ಲಾ ವೆರ್ನದ ದೊಡ್ಡ ದೇವಾಲಯದ ಕೆಲಸ ಶುರುವಾದದ್ದು 1348ರಲ್ಲಿ, ಪಿಯೆತ್ರಮಾಲದ ಕೌಂಟ್ ತಾರ್ಲಾತೋ ದಂಪತಿಗಳ ನೆರವಿನಿಂದ. ಟಸ್ಕನಿಯನ್ನು ಮಹಾಮಾರಿ ಪ್ಲೇಗು ಬಡಿದ ವರ್ಷವೂ ಅದೇ. ಕಟ್ಟಡ ಮುಗಿಯಲು ನೂರು ವರ್ಷ ಸಾಲಲಿಲ್ಲ. ನಡುವೆ ಯುದ್ಧಗಳಲ್ಲಿ ಲೂಟಿಯಾಯಿತು, 1472ರಲ್ಲಿ ಬೆಂಕಿ ಬಿದ್ದು ಮಠದ ಒಂದಷ್ಟು ಭಾಗ ಸುಟ್ಟಿತು.

ಇದೇ ಶತಮಾನದಲ್ಲಿ ಇನ್ನೊಂದು ತಿರುವು. 1430ರ ದಶಕದಲ್ಲಿ ಪೋಪ್ ನಾಲ್ಕನೇ ಯೂಜೀನ್ ಲಾ ವೆರ್ನವನ್ನು ಫ್ಲಾರೆನ್ಸಿನ ರಕ್ಷಣೆಗೆ ಒಪ್ಪಿಸಿದರು. ಫ್ಲಾರೆನ್ಸಿನಲ್ಲಿ ಅದರ ಉಸ್ತುವಾರಿ ಹೊತ್ತದ್ದು ಉಣ್ಣೆ ವರ್ತಕರ ಸಂಘ, ಆರ್ತೆ ದೆಲ್ಲಾ ಲಾನಾ. ಬಾವುಟ ಹೊತ್ತ ಕುರಿಮರಿ ಆ ಸಂಘದ ಲಾಂಛನ. ಫ್ರಾನ್ಸಿಸರ ತಂದೆ ಪಿಯೆತ್ರೋ ಬೆರ್ನಾರ್ದೊನೆ ಬಟ್ಟೆ ವ್ಯಾಪಾರಿ ಎಂಬುದು ಓದುಗರಿಗೆ ನೆನಪಿರಬಹುದು. ಅಸ್ಸಿಸಿಯ ಬಿಷಪರ ಮುಂದೆ ಮೈಮೇಲಿನ ಬಟ್ಟೆಯನ್ನೂ ಕಳಚಿ ಅಪ್ಪನ ಕೈಗೆ ಕೊಟ್ಟು, ಬಟ್ಟೆ ವ್ಯಾಪಾರದ ಮನೆಯಿಂದ ಹೊರನಡೆದವರು ಮಗ. ಇನ್ನೂರು ವರ್ಷದ ಮೇಲೆ ಅವರ ಬೆಟ್ಟವನ್ನು ಕಾಯಲು ಬಂದವರೂ ಬಟ್ಟೆ ವ್ಯಾಪಾರದವರೇ.

ಕಾದವರು ಸುಮ್ಮನೆ ಕಾಯಲಿಲ್ಲ. ಇವತ್ತು ಲಾ ವೆರ್ನಕ್ಕೆ ಹೋದವರ ಕಣ್ಣು ಮೊದಲು ನಿಲ್ಲುವುದು ಫ್ಲಾರೆನ್ಸಿನ ಸಿರಿವಂತ ಮನೆತನಗಳು ಮಾಡಿಸಿಕೊಟ್ಟ ಆಂದ್ರೆಯಾ ದೆಲ್ಲಾ ರೊಬ್ಬಿಯಾರ ಉಬ್ಬುಶಿಲ್ಪಗಳ ಮೇಲೆ. ಶಿಲ್ಪ ಎಂದೆ, ಕಲ್ಲಿನದಲ್ಲ, ಮಣ್ಣಿನದು. ಜೇಡಿಮಣ್ಣಿನಲ್ಲಿ ಮೂರ್ತಿ ಮಾಡಿ, ಭಾಗಭಾಗವಾಗಿ ಕೊಯ್ದು, ಆವಿಗೆಯಲ್ಲಿ ಸುಟ್ಟು, ತವರ ಬೆರೆತ ಬಿಳಿ ಮೆರುಗು ಬಳಿದು ಮತ್ತೆ ಸುಟ್ಟು, ತಂದು ಅದರ ಜಾಗದಲ್ಲಿ ಜೋಡಿಸುವ ವಿದ್ಯೆ. ಅದನ್ನು ಹದಕ್ಕೆ ತಂದವರು ಆಂದ್ರೆಯಾರ ಚಿಕ್ಕಪ್ಪ ಲೂಕಾ. ವರ್ಷದ ಬಹುಪಾಲು ಮಂಜು ಮುಸುಕಿ ಗೋಡೆ ಬೆವರುವ ಬೆಟ್ಟದ ಮೇಲೆ ಬಣ್ಣದ ಚಿತ್ರಗಳು ಬಾಳುವುದು ಕಷ್ಟ. ಸುಟ್ಟ ಮಣ್ಣಿನ ಮೆರುಗಿಗೆ ತೇವ ತಟ್ಟುವುದಿಲ್ಲ. ಐದುನೂರು ವರ್ಷವಾದರೂ ಆ ನೀಲಿ ನಿನ್ನೆ ಸುಟ್ಟು ತೆಗೆದಂತಿದೆ. ದೊಡ್ಡ ದೇವಾಲಯದಲ್ಲಿ ಮರಿಯಮ್ಮನವರಿಗೆ ದೂತ ಶುಭವಾರ್ತೆ ಹೇಳುವ ಫಲಕವಿದೆ. ನೀಲಿ ಹಿನ್ನೆಲೆ, ಎರಡು ಬಿಳಿ ಮೂರ್ತಿ, ನಡುವೆ ಲಿಲ್ಲಿ ಹೂವಿನ ಕುಂಡ. ಪಂಚಗಾಯ ಪ್ರಾರ್ಥನಾಲಯದ ಗೋಡೆ ತುಂಬ ನಿಂತಿರುವುದು ಶಿಲುಬೆಯ ದೃಶ್ಯ, 1481ರ ಸುಮಾರಿನದು. ಶಿಲುಬೆಯ ಬುಡದಲ್ಲಿ ಮರಿಯಮ್ಮ, ಯೊವಾನ್ನ, ಜೊತೆಗೆ ಫ್ರಾನ್ಸಿಸ್ ಮತ್ತು ಜೆರೋಮ್. ಮೇಲೆ ಅಳುವ ದೇವದೂತರು, ಅವರ ನಡುವೆ ಸೂರ್ಯ ಚಂದ್ರ. ದಾನಶಾಸನದ ಸೂರ್ಯಚಂದ್ರರನ್ನು ನೋಡಿ ಬೆಳೆದ ಕಣ್ಣಿಗೆ ಅದು ಬೇರೆಯೇ ಅರ್ಥ ಹೊಳೆಯಿಸೀತು. ಬಡತನದ ಮಠಕ್ಕೆ ಇಷ್ಟು ಚೆಲುವು ಸಲ್ಲುತ್ತದೆಯೇ ಎಂದು ಕೇಳುವವರಿದ್ದಾರೆ. ಸಲ್ಲುತ್ತದೆ ಎನ್ನುವವನು ನಾನು. ಅಮೃತಶಿಲೆಯೂ ಚಿನ್ನವೂ ಇಲ್ಲದೆ ಬರಿಯ ಮಣ್ಣಿನಲ್ಲಿ ಮೂಡಿದ ಚೆಲುವು ಅದು.

ದೊಡ್ಡ ದೇವಾಲಯದಿಂದ ಪಂಚಗಾಯ ಪ್ರಾರ್ಥನಾಲಯಕ್ಕೆ ಹೋಗುವ ಉದ್ದನೆಯ ಮುಚ್ಚುಮೊಗಸಾಲೆ 1578 ಮತ್ತು 1582ರ ನಡುವೆ ಕಟ್ಟಿದ್ದು. ಅದರ ಹಿಂದೊಂದು ಕಥೆಯಿದೆ. ಸಹೋದರರು ದಿನವೂ ಆ ಜಾಗಕ್ಕೆ ಮೆರವಣಿಗೆಯಲ್ಲಿ ಹೋಗಿ ಬರುತ್ತಿದ್ದರು. ಒಂದು ರಾತ್ರಿ ವಿಪರೀತ ಹಿಮ ಬಿದ್ದು ಹೋಗಲಾಗಲಿಲ್ಲ. ಬೆಳಗ್ಗೆ ಎದ್ದು ನೋಡಿದರೆ ಹಿಮದ ಮೇಲೆ ಕಾಡುಪ್ರಾಣಿಗಳ ಹೆಜ್ಜೆಗುರುತು, ಪ್ರಾರ್ಥನಾಲಯದವರೆಗೆ ಸಾಲಾಗಿ ಹೋಗಿ ಸಾಲಾಗಿ ಬಂದಿವೆ. ಮನುಷ್ಯರು ತಪ್ಪಿಸಿದ ಸರದಿಯನ್ನು ಮೃಗಗಳು ತುಂಬಿದ್ದವು. ಮೊಗಸಾಲೆ ಕಟ್ಟಿಸಿದ ಮೇಲೆ ಹಿಮದ ನೆಪ ಹೇಳುವಂತಿರಲಿಲ್ಲ. ಇವತ್ತಿಗೂ ಪ್ರತಿ ಮಧ್ಯಾಹ್ನ ಮೂರು ಗಂಟೆಗೆ ಶಿಲುಬೆ ಹಿಡಿದು ಹಾಡುತ್ತಾ ಸಾಗುವ ಆ ಮೆರವಣಿಗೆ ನಡೆಯುತ್ತದೆ. ಗೋಡೆಯ ಮೇಲಿನ ಫ್ರಾನ್ಸಿಸರ ಜೀವನದ ಚಿತ್ರಗಳಲ್ಲಿ ಹೆಚ್ಚಿನವು ಇಪ್ಪತ್ತನೇ ಶತಮಾನದ ಬಾಚ್ಚೋ ಮರಿಯಾ ಬಾಚ್ಚಿಯವರವು. ನಡುವೆ ಒಂದು ಸಣ್ಣ ಬಾಗಿಲು. ಅದನ್ನು ದಾಟಿದರೆ ಫ್ರಾನ್ಸಿಸರು ಮಲಗುತ್ತಿದ್ದ ಗವಿ: ತಣ್ಣಗಿನ ಕಲ್ಲು, ಅದರ ಮೇಲೊಂದು ಕಬ್ಬಿಣದ ಜಾಲರಿ. ಎಷ್ಟು ಚಿತ್ರ ನೋಡಿದರೂ ಆ ಕಲ್ಲಿನ ಮುಂದೆ ಅವು ಸಪ್ಪೆ.

ಒಡೆತನದ ಕಥೆ ಇಷ್ಟಕ್ಕೆ ಮುಗಿಯಲಿಲ್ಲ. 1810ರಲ್ಲಿ ನೆಪೋಲಿಯನ್ನನ ಆಡಳಿತ ಮಠಗಳನ್ನು ಮುಚ್ಚಿಸಿದಾಗ ಸಹೋದರರನ್ನು ಹೊರಹಾಕಿದರು. ಅವನು ಬಿದ್ದ ಮೇಲೆ ಹಿಂದಿರುಗಿದರು. 1866ರಲ್ಲಿ ಹೊಸದಾಗಿ ಒಂದಾದ ಇಟಲಿಯ ಸರ್ಕಾರ ಧಾರ್ಮಿಕ ಸಭೆಗಳ ಆಸ್ತಿಯನ್ನು ಮುಟ್ಟುಗೋಲು ಹಾಕಿತು. ಲಾ ವೆರ್ನ ಫ್ಲಾರೆನ್ಸ್ ನಗರಸಭೆಯ ಪಾಲಾಯಿತು. 1929ರ ಲ್ಯಾಟೆರನ್ ಒಪ್ಪಂದವಾಗಿ ಸರ್ಕಾರಕ್ಕೂ ಚರ್ಚಿಗೂ ರಾಜಿಯಾದ ಮೇಲೆ ಮಠ ಸಹೋದರರ ಕೈಗೆ ಮರಳಿತು. ಪಾಳೆಯಗಾರ, ಪೋಪ್, ವರ್ತಕರ ಸಂಘ, ಸರ್ಕಾರ, ನಗರಸಭೆ ಎಲ್ಲರ ಹೆಸರಿನಲ್ಲೂ ಒಂದಲ್ಲ ಒಂದು ಕಾಲ ಇದ್ದ ಬೆಟ್ಟದಲ್ಲಿ ಮರಳಿ ಮರಳಿ ಬಂದು ಬಾಳಿದವರು ಅದು ನಮ್ಮದು ಎನ್ನಬಾರದವರು. ಈ ನಡುವೆ 1921ರಲ್ಲಿ ದೊಡ್ಡ ದೇವಾಲಯಕ್ಕೆ ಬಸಿಲಿಕದ ಪದವಿ ಬಂದಿತ್ತು.

ಕಾಡಿನ ವಿಷಯ ಒಂದು ಮಾತು. ಮಠದ ಬೆನ್ನಿಗಿರುವ ಬೀಚ್ ಮತ್ತು ಬೆಳ್ಳಿ ಫರ್ ಮರಗಳ ದಟ್ಟಡವಿ ಉಳಿದಿರುವುದು ಸಹೋದರರು ಶತಮಾನಗಳಿಂದ ಅದನ್ನು ನೋಡಿಕೊಂಡದ್ದರಿಂದ. ಸೌದೆಗೆ ಮರ ಕಡಿಯುವವರಿಗೆ ಫ್ರಾನ್ಸಿಸರು, ಬುಡ ಉಳಿಸಿ ಕಡಿಯಿರಿ, ಮತ್ತೆ ಚಿಗುರಲಿ ಎನ್ನುತ್ತಿದ್ದರೆಂದು ಅವರ ಮೊದಲ ಚರಿತ್ರಕಾರ ಚೆಲಾನೋದ ತೋಮಾಸರು ಬರೆದಿದ್ದಾರೆ. 1993ರಿಂದ ಈ ಪ್ರದೇಶ ಕಸೆಂತೀನೋ ಅಡವಿಗಳ ರಾಷ್ಟ್ರೀಯ ಉದ್ಯಾನದೊಳಗಿದೆ. ಜಿಂಕೆ, ತೋಳ ಎರಡೂ ಇವೆ.

ಕರಾವಳಿಯ ಓದುಗರಿಗೆ ಈ ಕಥೆ ತೀರಾ ದೂರದ್ದಲ್ಲ. ಮಂಗಳೂರಿಗೆ 1526ರಲ್ಲಿ ಪೋರ್ಚುಗೀಸರ ಜೊತೆ ಬಂದ ಗುರುಗಳು ಫ್ರಾನ್ಸಿಸ್ಕನ್ನರು. ನೇತ್ರಾವತಿಯ ದಡದ ಫರಂಗಿಪೇಟೆಯ ಗುಡ್ಡದ ಮೇಲಿನ ಮೊಂತೆ ಮರಿಯಾನೋ ಆ ಪರಂಪರೆಯದು. ಈಗ ಅಲ್ಲಿರುವ ಕಪುಚಿನ್ ಸಹೋದರರು ಹದಿನಾರನೇ ಶತಮಾನದ ಇಟಲಿಯಲ್ಲಿ ಫ್ರಾನ್ಸಿಸರ ಬಡತನಕ್ಕೆ ಹಿಂದಿರುಗಬೇಕೆಂದು ಹೊರಟವರ ಕವಲು. ಸೆಪ್ಟೆಂಬರ್ 8ರಂದು ಹೊಸ ತೆನೆ ತಂದು ಆಚರಿಸುವ ಮೊಂತಿ ಹಬ್ಬಕ್ಕೆ ಆ ಹೆಸರು ಬಂದದ್ದೇ ಈ ಗುಡ್ಡದಿಂದ ಎಂಬ ಪ್ರತೀತಿ ಇದೆ. ಮೊಂತೆ ಎಂದರೆ ಬೆಟ್ಟ. ಲಾ ವೆರ್ನದವರಿಗೂ ಅದೇ ಪದ.

ಹೋಗುವವರಿಗೆ ನಾಲ್ಕು ಮಾತು. ಫ್ಲಾರೆನ್ಸಿನಿಂದ ರೈಲಿನಲ್ಲಿ ಆರೆತ್ಸೋ. ಅಲ್ಲಿ ಗಾಡಿ ಬದಲಿಸಿ ಸಣ್ಣ ರೈಲಿನಲ್ಲಿ ಬಿಬ್ಬಿಯೇನಾ. ಅಲ್ಲಿಂದ ಮೇಲಕ್ಕೆ ಬಸ್ಸುಗಳು ವಿರಳ, ಭಾನುವಾರವಂತೂ ನೆಚ್ಚುವಂತಿಲ್ಲ; ಹೊತ್ತು ವಿಚಾರಿಸಿಕೊಂಡೇ ಹೊರಡಬೇಕು. ಕಾಲಲ್ಲಿ ಕಸುವಿದ್ದವರು ಕೆಳಗಿನ ಲಾ ಬೆಚ್ಚಾ ಎಂಬ ಹಟ್ಟಿಯಿಂದ ಕಲ್ಲುಹಾಸಿನ ಹಳೆಯ ದಾರಿ ಹಿಡಿಯುವುದು ಮೇಲು. ಅರ್ಧ ಗಂಟೆಯ ಏರು. ಫ್ರಾನ್ಸಿಸರು ಮೊದಲ ಬಾರಿ ಬಂದಾಗ ಹಕ್ಕಿಗಳು ಗುಂಪುಗೂಡಿ ಎದುರುಗೊಂಡವು ಎನ್ನುವ ಜಾಗದಲ್ಲಿ 1602ರಲ್ಲಿ ಕಟ್ಟಿದ ಹಕ್ಕಿಗಳ ಪ್ರಾರ್ಥನಾಲಯ ಈ ದಾರಿಯಲ್ಲೇ ಸಿಗುತ್ತದೆ. ಕಾರಿನಲ್ಲಿ ಬಂದವರಿಗೆ ಅದು ತಪ್ಪಿಹೋಗುತ್ತದೆ. ಮೇಲಿನ ಕಲ್ಲುಹಾಸಿನ ಅಂಗಳದ ಅಂಚಿಗೆ ದೊಡ್ಡದೊಂದು ಮರದ ಶಿಲುಬೆ, ಅದರಾಚೆ ಕಣಿವೆ. ಮೆಟ್ಟಿಲಿಳಿದು ಸಾಸ್ಸೋ ಸ್ಪಿಕ್ಕೋ ಎಂಬ ತೂಗುಬಂಡೆಯ ಕೆಳಗೆ ಸ್ವಲ್ಪ ಹೊತ್ತು ನಿಲ್ಲಿ. ಅಷ್ಟು ದೊಡ್ಡ ಬಂಡೆ ಯಾವ ಆಸರೆಯ ಮೇಲೆ ನಿಂತಿದೆ ಎಂಬುದು ತಕ್ಷಣ ಕಣ್ಣಿಗೆ ಬೀಳುವುದಿಲ್ಲ. ರಾತ್ರಿ ತಂಗುವವರಿಗೆ ಮಠದ್ದೇ ಅತಿಥಿಗೃಹವಿದೆ, ಮೊದಲೇ ತಿಳಿಸಿರಬೇಕು.

ಹವೆ ಯಾರ ಮಾತನ್ನೂ ಕೇಳುವುದಿಲ್ಲ. 1993ರ ಸೆಪ್ಟೆಂಬರ್ 17ರ ಪಂಚಗಾಯ ಹಬ್ಬಕ್ಕೆ ಜಗದ್ಗುರು ಎರಡನೇ ಜಾನ್ ಪಾಲ್ ಬಂದು ಹೋದರು. 2012ರ ಮೇ 13ರಂದು ಹದಿನಾರನೇ ಬೆನೆಡಿಕ್ಟರು ಆರೆತ್ಸೋವರೆಗೆ ಬಂದಿದ್ದರು, ಲಾ ವೆರ್ನದಲ್ಲಿ ಎಲ್ಲ ಸಿದ್ಧವಿತ್ತು, ಹವೆ ಕೆಟ್ಟದ್ದರಿಂದ ಬೆಟ್ಟಕ್ಕೆ ಬರಲಾಗಲೇ ಇಲ್ಲ. ಆದ್ದರಿಂದ ಬೇಸಿಗೆಯಾದರೂ ಸ್ವೆಟರ್ ಇರಲಿ. ಮಧ್ಯಾಹ್ನ ಮೂರಕ್ಕೆ ಮುಂಚೆ ಮೇಲೆ ತಲುಪಿಕೊಳ್ಳಿ. ಮೆರವಣಿಗೆ ಯಾರಿಗೂ ಕಾಯುವುದಿಲ್ಲ.